ಮಳೆಯ ನೀರಿನ ಹಾದಿ



ಈ ಸಾಯಂಕಾಲ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿರುವುದು ದೂರದೇಶದ ವಿಷಯವಲ್ಲ. ನಮ್ಮ ನಮ್ಮ ಹೊಸ್ತಿಲ ಮುಂದೆಯೇ ಹರಿಯುವ ನೀರಿನ ವಿಷಯ. ಮುಂಗಾರಿನ ಮೊದಲ ಹನಿ ಬಿದ್ದಾಗ ಎಲ್ಲರ ಮನಸ್ಸೂ ಅರಳುತ್ತದೆ. ಆದರೆ ಆ ನೀರು ನಮ್ಮ ಬೀದಿಯನ್ನು ದಾಟಿ ಎಲ್ಲಿಗೆ ಹೋಯಿತು, ಹೋಗುವಾಗ ಏನನ್ನು ಹೊತ್ತುಕೊಂಡು ಹೋಯಿತು ಎಂದು ವಿಚಾರಿಸುವವರು ವಿರಳ.

ಬೆಂಗಳೂರನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಈ ಊರು ಮಹಾನದಿಯ ದಡದಲ್ಲಿಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ಮಳೆ ಕಣಿವೆಗಳ ಹಾದಿ ಹಿಡಿದು ಹೊರಕ್ಕೆ ಹರಿಯಲೇಬೇಕು. ಹಿರಿಯರು ಕೆರೆಯಿಂದ ಕೆರೆಗೆ ಕಾಲುವೆ ತೆಗೆದು, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ ಏರ್ಪಡಿಸಿದ್ದರು. ಇವೇ ರಾಜಕಾಲುವೆಗಳು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದುದೆಂದು ಜನರು ನಂಬಿರುವ ವೃಷಭಾವತಿಯು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಆದಕಾರಣ ನಮ್ಮ ಬೀದಿಯ ಕೊಳೆಗೆ ಕಾವೇರಿಯವರೆಗೆ ದಾರಿ ತೆರೆದಿದೆ ಎಂದರೆ ಅತಿಶಯೋಕ್ತಿಯಾಗದು.

ಇದು ಹೇಗೆಂದರೆ, ಬಚ್ಚಲು ಕಕ್ಕಸುಗಳ ನೀರು ಒಳಚರಂಡಿಯಲ್ಲಿ ಹರಿದು ಶುದ್ಧೀಕರಣದ ಸ್ಥಾವರಕ್ಕೆ ಹೋಗಬೇಕಾದುದು. ಮಳೆಯ ಮೋರಿಯ ನೀರಿಗೆ ಅಂತಹ ಸಂಸ್ಕಾರವಿಲ್ಲ. ಬಿದ್ದದ್ದು ಬಿದ್ದಂತೆಯೇ ಹಳ್ಳಕ್ಕೆ ಸೇರುತ್ತದೆ. ಬೇಸಗೆಯೆಲ್ಲ ರಸ್ತೆಯ ಮೇಲೆ ಕೂಡಿದ ಎಂಜಿನ್ ಎಣ್ಣೆ, ಟೈರಿನ ಪುಡಿ, ನಾಯಿ ದನಗಳ ಮಲ, ಪ್ಲಾಸ್ಟಿಕ್ ಚೀಲ, ಮನೆ ಕಟ್ಟುವವರ ಮರಳು, ಇವೆಲ್ಲವನ್ನೂ ಮೊದಲ ಮಳೆಯೇ ಹೊಡೆದುಕೊಂಡು ಹೋಗುತ್ತದೆ. ಮರಳೂ ಚೀಲಗಳೂ ಮೋರಿಯನ್ನು ಕಟ್ಟಿ ನೀರನ್ನು ಮನೆಗಳಿಗೆ ನುಗ್ಗಿಸುತ್ತವೆ. ಮಲವೂ ಗೊಬ್ಬರವೂ ಕೆರೆಯಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ತೀರಿಹೋಗಿ ಮೀನುಗಳು ಸಾಯುತ್ತವೆ. ಕಳ್ಳತನದಿಂದ ಮೋರಿಗೆ ಜೋಡಿಸಿದ ಒಳಚರಂಡಿಯ ಕೊಳವೆಗಳೂ ಸೇರಿದರೆ ಹೇಳುವುದೇನು! ಶುದ್ಧಿಯಾಗದ ಆ ಕೊಳಚೆಯಿಂದಲೇ ೨೦೧೫ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. ನೀರಿರುವಲ್ಲಿ ಬೆಂಕಿ ಹತ್ತಿದುದನ್ನೂ ಜನರು ಕಂಡರು.

ಇದರ ಫಲವನ್ನು ಉಣ್ಣುವವರು ಕೆಳಗಿನ ಊರಿನವರು. ವೃಷಭಾವತಿಯ ನೀರು ಬೈರಮಂಗಲದ ಕೆರೆಗೆ ಬಂದು ರೈತರ ಹೊಲಗಳಿಗೆ ಹಾಯುತ್ತದೆ. ಅದರಲ್ಲಿ ದನಗಳಿಗೆ ಮೇವು ಬೆಳೆಯುತ್ತದೆ. ಆ ಮೇವನ್ನು ತಿಂದ ಹಸುವಿನ ಹಾಲು ಯಾರ ಮನೆಯ ಮಗುವಿಗೆ ಸೇರುವುದೆಂದು ಹೇಳಬಲ್ಲವರಾರು?

ಹಾಗಾದರೆ ನಾವು ಮಾಡಬೇಕಾದುದೇನು? ಸರ್ಕಾರದ ಕೆಲಸ ಸರ್ಕಾರ ಮಾಡಲಿ. ಆದರೆ ಪ್ರತಿ ಬಾಗಿಲಿನಲ್ಲಿಯೂ ಒಬ್ಬ ಕಾವಲುಗಾರನನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಹಿಂದೆ ಹಳ್ಳಿಗಳಲ್ಲಿ ನೀರುಗಂಟಿಯು ತೂಬನ್ನು ನೋಡಿಕೊಳ್ಳುತ್ತಿದ್ದನು. ಊರವರು ಬೇಸಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಆ ಪದ್ಧತಿಯನ್ನು ಬೀದಿಗೆ ತರಬಹುದು. ಮಳೆಗಾಲಕ್ಕೆ ಮುಂಚೆ ಬೀದಿಯವರೆಲ್ಲರೂ ಒಂದು ದಿನ ಕೂಡಿ ಮೋರಿಯ ಬಾಯಿಯಲ್ಲಿನ ಕಸವನ್ನು ಎತ್ತಲಿ. ಎತ್ತಿದುದನ್ನು ಅಂಚಿನಲ್ಲಿಯೇ ಬಿಡದೆ ಸಾಗಿಸಲಿ. ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯದಿರಲಿ, ಮರಳ ರಾಶಿಗೆ ಹೊದಿಕೆ ಹಾಕಲಿ. ಗೌರಿ ಗಣೇಶರನ್ನು ಬಣ್ಣವಿಲ್ಲದ ಜೇಡಿಮಣ್ಣಿನಿಂದಲೇ ಮಾಡಿಸಲಿ. ಕಳ್ಳ ಕೊಳವೆಯನ್ನು ಕಂಡರೆ ಒಬ್ಬರೇ ಜಗಳವಾಡದೆ, ಹತ್ತು ಮನೆಯವರು ಕೂಡಿ ಅರ್ಜಿ ಕೊಡಲಿ.

ಕೊನೆಯದಾಗಿ, ಮಳೆಯನ್ನು ಮನೆಯಲ್ಲಿಯೇ ನಿಲ್ಲಿಸಿಕೊಳ್ಳಬೇಕು. ಮೂವತ್ತು ನಲವತ್ತಡಿ ನಿವೇಶನದಷ್ಟು ವಿಸ್ತಾರವಾದ ಚಾವಣಿಯ ಮೇಲೆ ೨೫ ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ೨,೮೦೦ ಲೀಟರ್ ನೀರಾಗುತ್ತದೆ. ತೊಟ್ಟಿಗೋ ಇಂಗುಗುಂಡಿಗೋ ಹೋದ ನೀರು ಬೀದಿಯ ಕೊಳೆಯನ್ನು ತೊಳೆಯಲಾರದು.

ಮೇಲಿನ ಕೆರೆಯವರು ಕೆಳಗಿನ ಕೆರೆಯವರಿಗೆ ನೀರನ್ನು ಬಿಟ್ಟುಕೊಡುತ್ತಿದ್ದ ನಾಡು ಇದು. ಕೊಳೆಯನ್ನಲ್ಲ, ನೀರನ್ನೇ ಬಿಟ್ಟುಕೊಡೋಣ.