ನೆನಪು ಮತ್ತು ಹಾಜರಿ ಪುಸ್ತಕ
(ಸುವರ್ಣ ಮಹೋತ್ಸವದಲ್ಲಿ ವಿದ್ಯಾರ್ಥಿಗಳೊಂದಿಗೆ ಆಡಿದ ಮಾತು)

ಮಕ್ಕಳೇ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಇತಿಹಾಸ ಮತ್ತು ಮನೋವಿಜ್ಞಾನದ ಬಗ್ಗೆ ಮಾತಾಡಲು ಹೇಳಿದ್ದಾರೆ. ಎರಡರಲ್ಲೂ ನಾನು ಪಂಡಿತನಲ್ಲ. ಆದರೆ ಎರಡೂ ಸೇರಿ ಇತ್ತೀಚೆಗೆ ನನ್ನ ಕಿವಿ ಹಿಂಡಿವೆ. ಅದನ್ನೇ ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಿಂದ ಚನ್ನಗಿರಿ ತಾಲ್ಲೂಕಿಗೆ ಪ್ರವಾಸ ಹೋದರು. ಸಂತೇಬೆನ್ನೂರಿನ ಪುಷ್ಕರಣಿ, ಆಮೇಲೆ ಸೂಳೆಕೆರೆ. ನಾನು ಹೋಗಲಿಲ್ಲ. ದುಡ್ಡು ಕಟ್ಟಿಲ್ಲವೆಂದು ಮೇಷ್ಟ್ರು ನನ್ನನ್ನು ಬಸ್ಸಿನಿಂದ ಇಳಿಸಿದರು ಅಂತ ಇಪ್ಪತ್ತು ವರ್ಷ ಹೇಳಿಕೊಂಡು ಬಂದೆ. ಆ ಬಸ್ಸಿನ ಬಾಗಿಲು ಕೂಡ ಕಣ್ಣಿಗೆ ಕಟ್ಟಿದ ಹಾಗಿತ್ತು.

ಈ ಸಂಚಿಕೆಗೆ ಹಳೆಯ ಫೋಟೋ ಹುಡುಕುವಾಗ ಬೀರುವಿನಲ್ಲಿ ಆ ವರ್ಷದ ಹಾಜರಿ ಪುಸ್ತಕ ಸಿಕ್ಕಿತು. ಪ್ರವಾಸದ ದಿನವೂ ಹಿಂದಿನ ಎರಡು ದಿನವೂ ನಾನು ಗೈರುಹಾಜರು. ಜೊತೆಯಲ್ಲೇ ಪ್ರವಾಸದ ಲೆಕ್ಕದ ಪುಸ್ತಕ: ನನ್ನ ಹಣ ಜಮಾ ಆಗಿದೆ, ಆಮೇಲೆ ವಾಪಸು ಕೊಟ್ಟಿದ್ದಾರೆ, ಪಕ್ಕದಲ್ಲಿ ಅವ್ವನ ಸಹಿ. ಅವ್ವನನ್ನು ಕೇಳಿದೆ. "ಜ್ವರ ಬಂದು ಮಲಗಿದ್ದೆಯಲ್ಲೋ. ಬಸ್ಸಿಂದ ಇಳಿಸಿದ್ದು ಹೊನ್ನಾಳಿಗೆ ಹೋಗುವಾಗ, ಕಂಡಕ್ಟರು" ಅಂದಳು.

ಎರಡು ಬೇರೆ ದಿನಗಳನ್ನು ನನ್ನ ಮನಸ್ಸು ಹೊಲಿದು ಒಂದು ಮಾಡಿತ್ತು. ನಾನು ಸುಳ್ಳು ಹೇಳಿರಲಿಲ್ಲ, ನಂಬಿದ್ದೆ. ಇಂಗ್ಲೆಂಡಿನ ಬಾರ್ಟ್ಲೆಟ್ ಎಂಬ ಮನೋವಿಜ್ಞಾನಿ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥದ್ದೇ ವಿಷಯವಿದೆ. ಅಮೆರಿಕದ ಮೂಲನಿವಾಸಿಗಳ ಒಂದು ಕತೆ ಓದಿಸಿ, ದಿನ ಕಳೆದಂತೆ ಮತ್ತೆ ಮತ್ತೆ ಬರೆಸಿದರು. ಓದಿದವರು ತಮಗೆ ಪರಿಚಯವಿಲ್ಲದ್ದನ್ನು ಬಿಟ್ಟರು, ಇಲ್ಲವೇ ಪರಿಚಯದ್ದಕ್ಕೆ ಬದಲಿಸಿದರು. ನೆನಪು ಫೋಟೋ ಅಲ್ಲ. ಪ್ರತಿ ಸಲವೂ ಹೊಸದಾಗಿ ಕಟ್ಟುವ ಗುಡಿಸಲು.

ಹಾಗಾದರೆ ಕಾಗದವೇ ಸತ್ಯವೇ? ಅದೂ ಪೂರ್ತಿ ಅಲ್ಲ. ಜಗಳೂರಿನ ಹಳೆಯ ಪಹಣಿಯಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ, ಚನ್ನಗಿರಿ, ಹೊನ್ನಾಳಿಯದರಲ್ಲಿ ಶಿವಮೊಗ್ಗ. ತಪ್ಪಲ್ಲ. ದಾವಣಗೆರೆ ಜಿಲ್ಲೆ ಆದದ್ದೇ 1997ರ ಆಗಸ್ಟ್ 15ರಂದು. ನಾನು ಓದುವಾಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಊರು, ಈಗ ತಾನೇ ತಾಲ್ಲೂಕು. ಯಾವ ಕಾಗದ ಯಾವಾಗ, ಯಾರು, ಯಾಕೆ ಬರೆದದ್ದು ಎಂದು ಕೇಳಬೇಕು. ನಮ್ಮ ಕೆಲಸದಲ್ಲೂ ಅಷ್ಟೇ: ಆ್ಯಪ್ ಕೆಟ್ಟರೆ ಬಳಸಿದವರು ಒಂದು ಹೇಳುತ್ತಾರೆ, ಕಂಪ್ಯೂಟರಿನ ದಾಖಲೆ ಇನ್ನೊಂದು ಹೇಳುತ್ತದೆ. ಎರಡನ್ನೂ ಎದುರುಬದುರು ಇಟ್ಟು ನೋಡುತ್ತೇವೆ.

ಸೂಳೆಕೆರೆಯ ಶಾಂತವ್ವನ ಕತೆ ನಿಮ್ಮ ಅಜ್ಜಿಯರಿಗೆ ಗೊತ್ತು. ಇಬ್ಬರು ಅಜ್ಜಿಯರಿಂದ ಬೇರೆ ಬೇರೆ ಬರೆದುಕೊಂಡು ಬನ್ನಿ. ಎಲ್ಲಿ ಬದಲಾಗಿದೆ ನೋಡಿ. ಕೆರೆ ಯಾವ ವರ್ಷ ಕಟ್ಟಿದ್ದೆಂದು ಅದರಿಂದ ತಿಳಿಯಲಿಕ್ಕಿಲ್ಲ, ಆದರೆ ಊರಿನವರು ಯಾವುದನ್ನು ಮರೆಯಲು ಒಪ್ಪಲಿಲ್ಲ ಎಂದು ತಿಳಿಯುತ್ತದೆ.

ಮೇಷ್ಟ್ರೇ, ನೀವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಆ ಬಸ್ಸಿನ ಕತೆ ಯಾರಿಗೆಲ್ಲ ಹೇಳಿದ್ದೆನೋ ಅವರಿಗೆಲ್ಲ ಫೋನ್ ಮಾಡಿ ತಿದ್ದುತ್ತಿದ್ದೇನೆ. ಇನ್ನೂ ಕೆಲವರು ಬಾಕಿ ಇದ್ದಾರೆ.