ಪುಸ್ತಕಕ್ಕೊಬ್ಬ ನೀರಗಂಟಿ

ಗ್ರಂಥಾಲಯವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ನಿಶ್ಚಲವಾದೊಂದು ಚಿತ್ರ. ಸಾಲು ಕಪಾಟುಗಳು, ಉದ್ದನೆಯ ಮೇಜು, ಗೋಡೆಯ ಮೇಲೆ 'ನಿಶ್ಶಬ್ದವಾಗಿರಿ' ಎಂಬ ಫಲಕ, ಅದರ ಕೆಳಗೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಸುಖವಾಗಿ ನಿದ್ರಿಸುತ್ತಿರುವ ಮಹನೀಯರೊಬ್ಬರು. ಪುಸ್ತಕಗಳೂ ಸಂಚರಿಸುತ್ತವೆ, ಅವಕ್ಕೂ ದಾರಿ, ವೇಳೆ, ಹೊರೆ, ಬಾಡಿಗೆ ಎಂಬುವು ಉಂಟು ಎನ್ನುವುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಕಟ್ಟಡವನ್ನು ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಪುಸ್ತಕದ ಗಂಟನ್ನು ಬಸ್ಸಿನಿಂದ ಇಳಿಸಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಈ ಹೊತ್ತು ನಾನು ಆಡಬೇಕೆಂದಿರುವುದು ಆ ಗಂಟಿನ ಮಾತು.

ನಾನು ವೈದ್ಯನಾಥಪುರದವನು. ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿ, ವೈದ್ಯನಾಥೇಶ್ವರನ ಗುಡಿಯ ಆಸರೆಯಲ್ಲಿರುವ ಊರು ನಮ್ಮದು. ರೋಗ ವಾಸಿಯಾಗಲೆಂದು ಹರಕೆ ಹೊತ್ತವರು ದೂರದೂರದಿಂದ ಈ ದೇವರನ್ನು ಹುಡುಕಿಕೊಂಡು ಬರುತ್ತಾರೆ. ಬರಲೊಲ್ಲದ್ದು ಪುಸ್ತಕ ಮಾತ್ರ. ಮದ್ದೂರು, ಮಳವಳ್ಳಿ ಸೀಮೆಯವರಿಗೆ 'ಕೊನೆಯ ಭಾಗ' ಎಂಬ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಕನ್ನಂಬಾಡಿಯ ಕಟ್ಟೆ ತುಂಬಿದ್ದರೂ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನ ಗದ್ದೆಗಳನ್ನೆಲ್ಲ ದಾಟಿ ನಮ್ಮ ಕಡೆಯ ತೂಬುಗಳಿಗೆ ಬರುವ ವೇಳೆಗೆ ಪೈರು ಬಾಡಿರುವುದುಂಟು. ಕಟ್ಟೆಯಲ್ಲಿಯೇ ನೀರಿಲ್ಲದಿರುವುದು ಒಂದು ಕಷ್ಟ. ಅಲ್ಲಿದ್ದೂ ಇಲ್ಲಿಗೆ ಬಾರದಿರುವುದು ಇನ್ನೊಂದು. ಕನ್ನಡ ಪುಸ್ತಕದ ಕಷ್ಟ ಬಹುಮಟ್ಟಿಗೆ ಈ ಎರಡನೆಯ ಜಾತಿಯದು.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಶ್ರಾವಣದಲ್ಲಿ ಕುಮಾರವ್ಯಾಸ ಭಾರತವನ್ನು ಓದಿಸಿ ಕೇಳಬೇಕೆಂಬ ಆಸೆಯಾಯಿತು. ಸ್ವತಃ ರಾಗವಾಗಿ ಓದುತ್ತಿದ್ದವರು. ಕಣ್ಣು ಮಂಜಾಗಿ, ಓದುವ ಕೆಲಸ ನನ್ನ ಪಾಲಿಗೆ ಬಂತು. ಹತ್ತಿರದ ಗ್ರಂಥಾಲಯದಲ್ಲಿ ಅದಿರಲಿಲ್ಲ; ಯಾರೂ ಮುಟ್ಟದ ಯಾವುದೋ ಒಂದು ಪುಸ್ತಕದ ಮೂರು ಪ್ರತಿಗಳಿದ್ದವು. ನಮಗೆ ಬೇಕಾದ ಪುಸ್ತಕ ಬೇರೊಂದು ಊರಿನ ಗ್ರಂಥಾಲಯದಲ್ಲಿ ಇದೆಯೆಂದು ತಿಳಿಯಿತು. ಇದೆ ಎಂಬುದೇನೋ ದಿಟ, ತರುವವರು ಯಾರು? ಅದನ್ನು ಕಳುಹಿಸುವುದು ಅಲ್ಲಿಯವರ ಕೆಲಸವೂ ಅಲ್ಲ, ತರಿಸುವುದು ಇಲ್ಲಿಯವರ ಕೆಲಸವೂ ಅಲ್ಲ. ಶ್ರಾವಣದಲ್ಲಿ ಕೇಳಿದ ಪುಸ್ತಕ ಕಾರ್ತಿಕದಲ್ಲಿ ಕೈಸೇರಿತು. ಹಿರಿಯರು ಬೇಸರ ಪಡಲಿಲ್ಲ. "ಮೇಷ್ಟ್ರೇ, ನಾಲೆ ನೀರಿಗಾದ್ರೆ ಒಬ್ಬ ನೀರಗಂಟಿ ಅಂತ ಇರ್ತಾನೆ. ಈ ಪುಸ್ತಕಕ್ಕೆ ನೀರಗಂಟಿ ಯಾರು?" ಎಂದು ಕೇಳಿದರು. ಆ ಪ್ರಶ್ನೆಯೇ ನನ್ನನ್ನು ಈ ವಿಚಾರಕ್ಕೆ ಹಚ್ಚಿತು.

ಹಿಂದೆ ಇಂಥ ನೀರಗಂಟಿಗಳು ಇಲ್ಲದಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ನಡೆದು ಮಾರಿದ ಸಂಗತಿಯನ್ನು ಕನ್ನಡಿಗರೆಲ್ಲ ಬಲ್ಲರು. ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲಕರನ್ನು ಕರೆಯಿಸಿ, ಗ್ರಂಥಾಲಯಗಳ ಜಾಲವನ್ನು ಹರಡಿಸಿದಾಗ, ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನಿರಿಸಿ ಹಳ್ಳಿಗಳಿಗೆ ಕಳುಹಿಸುವ ಏರ್ಪಾಡೂ ಆಯಿತು. 1931ರ ಅಕ್ಟೋಬರಿನಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೆ ಎಂಬವರು ಎತ್ತಿನ ಗಾಡಿಗೆ ಪುಸ್ತಕದ ಕಪಾಟನ್ನು ಕೂಡಿಸಿ ಹಳ್ಳಿಗಳಿಗೆ ಹೊರಡಿಸಿದರು. ಅದಕ್ಕೆ ಪ್ರೇರಣೆ ಎಸ್. ಆರ್. ರಂಗನಾಥನ್ ಅವರದು. ಗ್ರಂಥಾಲಯಶಾಸ್ತ್ರಕ್ಕೆ ಅವರು ವಿಧಿಸಿದ ಐದು ಸೂತ್ರಗಳು ಪುಸ್ತಕರೂಪದಲ್ಲಿ ಹೊರಬಂದುದೂ ಅದೇ ವರ್ಷ. ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ, ಓದುಗನ ವೇಳೆಯನ್ನು ಉಳಿಸಬೇಕು, ಗ್ರಂಥಾಲಯವು ಬೆಳೆಯುವ ಜೀವಿ. ಮೊದಲ ನಾಲ್ಕು ಸೂತ್ರಗಳೂ ದಾರಿಯಿಲ್ಲದೆ ಸಲ್ಲವು. ಓದುಗ ಒಂದು ಊರಿನಲ್ಲಿ, ಅವನ ಪುಸ್ತಕ ಇನ್ನೊಂದು ಊರಿನಲ್ಲಿ ಇರುವುದೇ ಲೋಕದ ಸ್ಥಿತಿ. ರಂಗನಾಥನ್ ಅವರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ತೀರಿಕೊಂಡರು.

ನಮ್ಮಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಆಯಿತು. ಮರುವರ್ಷ ಜಾರಿಗೆ ಬಂತು. ಮನೆ ಕಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುವ ನಾವು ಒಂದರ್ಥದಲ್ಲಿ ಈ ಪುಸ್ತಕಗಳ ಒಡೆಯರು. ಇಲಾಖೆ ಸಗಟು ಖರೀದಿಯಲ್ಲಿ ಆಯ್ಕೆಯಾದ ಒಂದೊಂದು ಪುಸ್ತಕದ 300 ಪ್ರತಿಗಳನ್ನು ಕೊಂಡು ನಾಡಿನುದ್ದಕ್ಕೂ ಹಂಚುವ ಪದ್ಧತಿ ಬೆಳೆಯಿತು. ಬರೆಯುವವರಿಗೂ ಪ್ರಕಾಶಕರಿಗೂ ಇದರಿಂದಾದ ಉಪಕಾರ ಸಣ್ಣದಲ್ಲ. ಅದನ್ನು ಹಳಿಯುವುದು ನನ್ನ ಉದ್ದೇಶವೂ ಅಲ್ಲ. ಆದರೆ ಈ ಹಂಚಿಕೆಯ ಓಟ ಒಂದೇ ದಿಕ್ಕಿನದು. ಮೇಲಿನಿಂದ ಕೆಳಕ್ಕೆ ಗಂಟು ಇಳಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಕೆಳಗಿನಿಂದ ಮೇಲಕ್ಕೆ "ನಮಗೆ ಇಂಥದು ಬೇಕಾಗಿತ್ತು" ಎಂಬ ಕೇಳಿಕೆಯೂ, ಅಡ್ಡಡ್ಡಲಾಗಿ ಒಂದೂರಿನಿಂದ ಇನ್ನೊಂದೂರಿಗೆ ಪುಸ್ತಕವೂ ಹರಿಯಲು ಕಾಲುವೆ ತೋಡಿಲ್ಲ. 2019ರಲ್ಲಿ 5,000ಕ್ಕೂ ಮಿಕ್ಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದುವು. ಅಲ್ಲಿಂದೀಚೆಗೆ ಅವುಗಳಲ್ಲಿ ಹಲವು ಸುಣ್ಣ ಬಣ್ಣ ಕಂಡು, ಮಕ್ಕಳ ಗಲಗಲದಿಂದ ತುಂಬಿರುವುದು ಸಂತೋಷದ ವಿಷಯ. ಆದರೆ ಪೇಟೆಯ ಶಾಖಾ ಗ್ರಂಥಾಲಯ ಒಂದು ಇಲಾಖೆಯದು, ಹಳ್ಳಿಯದು ಮತ್ತೊಂದರದು ಎಂದಾದ ಮೇಲೆ ಪುಸ್ತಕ ದಾಟಬೇಕಾದುದು ಕೇವಲ ನಾಲ್ಕು ಮೈಲಿ ರಸ್ತೆಯನ್ನಲ್ಲ. ಶಿಂಷೆಗೆ ಸೇತುವೆ ಕಟ್ಟುವುದು ಇದಕ್ಕಿಂತ ಸುಲಭ.

ಹೊರೆಯ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. 200 ಪುಟದ ಸಾಧಾರಣ ಕಾಗದ ರಟ್ಟಿನ ಪುಸ್ತಕ ಸುಮಾರು ಕಾಲು ಕಿಲೋ ತೂಗುತ್ತದೆ. ನಮ್ಮ ಮಂಡ್ಯ ಜಿಲ್ಲೆಯ 7 ತಾಲ್ಲೂಕುಗಳಲ್ಲಿ, ತಾಲ್ಲೂಕಿಗೆ 20 ಹಳ್ಳಿಯ ಗ್ರಂಥಾಲಯಗಳು ವಾರಕ್ಕೆ ಐದೈದು ಪುಸ್ತಕಗಳನ್ನು ಬೇರೆ ಕಡೆಯಿಂದ ಬೇಡುತ್ತವೆಂದು ಊಹಿಸಿಕೊಳ್ಳೋಣ. ಒಟ್ಟು 700 ಪುಸ್ತಕ, 175 ಕಿಲೋ. 40 ಲೀಟರಿನ ನಾಲ್ಕು ಕ್ಯಾನು ಹಾಲಿಗಿಂತ ತುಸು ಹೆಚ್ಚು! ಇಡೀ ಜಿಲ್ಲೆಯ ಒಂದು ವಾರದ ಜ್ಞಾನದಾಹದ ತೂಕ ಇಷ್ಟೇ. ಇಷ್ಟೇ ತೂಕ ಮತ್ತೆ ಹಿಂದಿರುಗಬೇಕು ಎಂಬುದನ್ನು ಮಾತ್ರ ಮರೆಯಬಾರದು. ಕಬ್ಬು ಕಾರ್ಖಾನೆಗೆ ಹೋದರೆ ಮರಳುವುದಿಲ್ಲ. ಪುಸ್ತಕಕ್ಕೆ ಬರುವ ಖರ್ಚಿನಷ್ಟೇ ಹೋಗುವ ಖರ್ಚೂ ಉಂಟು.

ಈ ಹಿಂಪಯಣದ ಹೊರೆಯನ್ನು ಇಳಿಸಲು ಅಮೆರಿಕದ ಅನೇಕ ಗ್ರಂಥಾಲಯ ವ್ಯವಸ್ಥೆಗಳು ಒಂದು ಉಪಾಯ ಹೂಡಿವೆ. ಪುಸ್ತಕಕ್ಕೆ ಸ್ವಂತ ಊರೆಂಬುದೇ ಇಲ್ಲ. ಓದುಗ ಎಲ್ಲಿ ಹಿಂದಿರುಗಿಸಿದನೋ ಅಲ್ಲಿಯೇ, ಇನ್ನೊಬ್ಬರು ಕೇಳುವ ತನಕ, ಅದು ಕಪಾಟಿನಲ್ಲಿ ನೆಲಸುತ್ತದೆ. ಮಂಡ್ಯದಿಂದ ಮಳವಳ್ಳಿಗೆ ಹೋದ ಪುಸ್ತಕ ಮಂಡ್ಯಕ್ಕೆ ಮರಳಿ, ಮರುವಾರ ಅಲ್ಲಿಂದ ಕಿರುಗಾವಲಿಗೆ ಹೊರಡುವ ವ್ಯರ್ಥಪ್ರಯಾಣ ತಪ್ಪುತ್ತದೆ. ಇದರಲ್ಲಿಯೂ ತೊಡಕಿಲ್ಲದಿಲ್ಲ. ಒಳ್ಳೆಯ ಪುಸ್ತಕಗಳೆಲ್ಲ, ಹಬ್ಬಕ್ಕೆಂದು ತವರಿಗೆ ಹೋದ ಹೆಣ್ಣುಮಕ್ಕಳು ಅಲ್ಲಿಯೇ ಉಳಿದಂತೆ, ಹೆಚ್ಚು ಓದುವ ಒಂದೆರಡು ಊರುಗಳಲ್ಲಿ ಜಮಾಯಿಸಿಬಿಡುತ್ತವೆ. ಆಗೀಗ ಯಾರಾದರೂ ಹೋಗಿ ಕರೆದುಕೊಂಡು ಬರಬೇಕು.

ದಾರಿಯ ಪ್ರಶ್ನೆಯೂ ಹೀಗೆಯೇ. ಮಂಡ್ಯದಿಂದ ಮದ್ದೂರಿಗೊಂದು ಗಾಡಿ, ಮಳವಳ್ಳಿಗೆ ಇನ್ನೊಂದು ಎಂದು ಬೇರೆಬೇರೆ ಓಡಿಸುವುದಕ್ಕಿಂತ ಮದ್ದೂರು, ಕೆ. ಎಂ. ದೊಡ್ಡಿ, ಮಳವಳ್ಳಿಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ ಮಂಡ್ಯಕ್ಕೆ ಮರಳುವುದು ಅಗ್ಗ. ಸುತ್ತಿನ ಕೊನೆಯ ಊರಿಗೆ ತಡವಾಗುತ್ತದೆಯಲ್ಲ ಎಂದರೆ, ಒಂದು ವಾರ ಬಲದಿಂದ ಎಡಕ್ಕೆ, ಮರುವಾರ ಎಡದಿಂದ ಬಲಕ್ಕೆ ಸುತ್ತಿದರಾಯಿತು. ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದನ್ನು ಕಂಡ ನಮ್ಮ ರೈತರಿಗೆ ಈ ಲೆಕ್ಕ ಹೊಸದಲ್ಲ. ಗಾಡಿ ವಾರಕ್ಕೊಮ್ಮೆ ಬರಲಿ, ಚಿಂತೆಯಿಲ್ಲ. ಬರುವ ದಿನ ತಪ್ಪಬಾರದು. ಗುರುವಾರ ಬರುತ್ತದೆಂದು ಗೊತ್ತಿದ್ದರೆ ಓದುಗ ಕಾಯುತ್ತಾನೆ. ಎಂದಾದರೊಂದು ದಿನ ಬರುತ್ತದೆಂದರೆ ಕೇಳುವುದನ್ನೇ ಬಿಡುತ್ತಾನೆ. ಅಮೆರಿಕದ ಕೆಂಟಕಿ ಪರ್ವತಸೀಮೆಯಲ್ಲಿ 1935ರಿಂದ 1943ರವರೆಗೆ ಹೆಂಗಸರು ಕುದುರೆ, ಹೇಸರಗತ್ತೆಗಳ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಗಳನ್ನು ದಾಟಿ ಒಂಟಿ ಮನೆಗಳಿಗೆ ತಲುಪಿಸುತ್ತಿದ್ದರು. ಹಳೆಯ ಪತ್ರಿಕೆಗಳ ಹಾಳೆಗಳನ್ನು ಕತ್ತರಿಸಿ ಅಂಟಿಸಿ ಹೊಸ ಪುಸ್ತಕ ಮಾಡಿ ಒಯ್ಯುತ್ತಿದ್ದರಂತೆ. ಮೋಟಾರು ಹೋಗದ ದಾರಿ ಅದು. ನಮ್ಮ ಊರುಗಳಿಗೆ ಆ ನೆಪವೂ ಇಲ್ಲ.

ಅಂಚೆಯಿಲ್ಲವೇ ಎಂದು ಕೇಳಬಹುದು. ಪುಸ್ತಕಗಳನ್ನು ಕಡಿಮೆ ದರದಲ್ಲಿ ನೋಂದಾಯಿಸಿ ಕಳುಹಿಸುತ್ತಿದ್ದ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಪುಸ್ತಕಪ್ರಿಯರ ಪಾಲಿಗೆ ಅದೊಂದು ಸಾವಿನ ಸುದ್ದಿಯೇ. 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಮಾತ್ರ ಒಂದು ಹೊಸ ದಾರಿ ತಾನಾಗಿ ತೆರೆಯಿತು. ಪರೀಕ್ಷೆಗಳಿಗೆ ಓದುವ ನಮ್ಮೂರಿನ ಹುಡುಗಿಯರು ಪೇಟೆಗೆ ಹೋಗಿ ಪುಸ್ತಕ ತಂದು, ತಮ್ಮತಮ್ಮಲ್ಲಿಯೇ ಕೈ ಬದಲಾಯಿಸಿ, ಬಸ್ಸಿನಲ್ಲಿಯೇ ಹಿಂದಿರುಗಿಸುತ್ತಾರೆ. ಅವರಿಗೆ ತಡವೆಂಬುದು ನಮ್ಮ ಶ್ರಾವಣ ಕಾರ್ತಿಕದಂತೆ ನಗುವ ಮಾತಲ್ಲ. ಪರೀಕ್ಷೆಯ ಮಾರನೆಯ ದಿನ ಬಂದ ಪುಸ್ತಕದಿಂದ ಒಂದು ವರ್ಷವೇ ಹೋಗುತ್ತದೆ. ಕೆಲವರ ಮನೆಯಲ್ಲಿ ಇನ್ನೊಂದು ವರ್ಷ ಕಾಯುವ ಸಹನೆ ಇರುವುದಿಲ್ಲ, ಮದುವೆಯ ಮಾತು ಎತ್ತುತ್ತಾರೆ.

ನನ್ನ ಕಣ್ಣು ಬಿದ್ದಿರುವುದು ಹಾಲಿನ ದಾರಿಯ ಮೇಲೆ. ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಇರುವುದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಬೆಳಿಗ್ಗೆ, ಸಂಜೆ ಹಳ್ಳಿಹಳ್ಳಿಯ ಸಂಘಗಳಲ್ಲಿ ಹಾಲು ಅಳೆದು, ಹುಳಿಯುವ ಮುನ್ನ ಅಲ್ಲಿಗೆ ಮುಟ್ಟಿಸುವ ಈ ಏರ್ಪಾಡಿಗಿಂತ ಕರಾರುವಾಕ್ಕಾದುದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಪುಸ್ತಕ ಹುಳಿಯುವುದಿಲ್ಲವೆಂಬ ಧೈರ್ಯದಿಂದಲೇ ಅಲ್ಲವೇ ನಾವು ಅದನ್ನು ತಡಮಾಡುವುದು? ಅನೇಕ ಊರುಗಳಲ್ಲಿ ಹಾಲನ್ನು ಅಲ್ಲಿಯೇ ತಣಿಸುವ ಯಂತ್ರ ಬಂದು, ಕ್ಯಾನಿನ ಗಾಡಿಯ ಬದಲು ಟ್ಯಾಂಕರು ಬರುತ್ತದೆ. ಟ್ಯಾಂಕರಿನಲ್ಲಿ ಪುಸ್ತಕದ ಪೆಟ್ಟಿಗೆಗೆ ಎಡೆಯಿಲ್ಲ. ಆದರೆ ಸಂಘಗಳಿಗೆ ಪಶು ಆಹಾರದ ಮೂಟೆ ತರುವ ಲಾರಿ ಉಂಟು. ಬರುವಾಗ ತುಂಬಿ ಬರುವ ಆ ಲಾರಿ ಹೋಗುವಾಗ ಬರಿದಾಗಿ ಹೋಗುತ್ತದೆ. ಮರಳಬೇಕಾದ ಪುಸ್ತಕಕ್ಕೆ ಇದಕ್ಕಿಂತ ಅನುಕೂಲವಾದ ವಾಹನ ಬೇಕೇ? ಒಬ್ಬನೇ ಎತ್ತಬಹುದಾದ, ಮಳೆ ಸೋಕದ, ಬೀಗವಿರುವ ಒಂದು ತಗಡಿನ ಪೆಟ್ಟಿಗೆ ಸಾಕು. ಎಪ್ಪತ್ತು ಎಂಬತ್ತು ಪುಸ್ತಕ ಹಿಡಿದರೂ ಅದು ಒಂದು ಮೂಟೆಗಿಂತ ಹಗುರ.

ಇದನ್ನು ಒಂದು ಸಂಜೆ ಡೈರಿಯ ಕಾರ್ಯದರ್ಶಿಯವರಲ್ಲಿ ಪ್ರಸ್ತಾಪಿಸಿದೆ. ಹಾಲು ಹಾಕುವವರ ಸಾಲು ಕರಗುವವರೆಗೂ ಅವರು ಉತ್ತರ ಕೊಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಪೆಟ್ಟಿಗೆ ಇಡೋಕೆ ಆ ಮೂಲೇಲಿ ಜಾಗ ಇದೆ ಮೇಷ್ಟ್ರೇ. ಬಂತು, ಹೋಯ್ತು ಅಂತ ರಸೀದಿಗೆ ಸಹಿ ಹಾಕೋರು ಯಾರು ಅನ್ನೋದನ್ನ ಮಾತ್ರ ಮೊದಲೇ ಬರೆಸ್ಕೊಡಿ" ಎಂದರು.