ಅಂಗಡಿ ಮುಚ್ಚಿದ ಮೇಲೆ ತೆರಿಗೆಯ ರಿಟರ್ನ್ ಏಕೆ?

(ಸಂಘದ ಮಾಸಿಕ ಕೂಟದಲ್ಲಿ ಅತಿಥಿ ಉಪನ್ಯಾಸಕರು ನೀಡಿದ ಉಪನ್ಯಾಸದ ಪಠ್ಯ)



ಕಳೆದ ತಿಂಗಳು ಇದೇ ವೇದಿಕೆಯಲ್ಲಿ ಯಕ್ಷಗಾನದ ಬಗ್ಗೆ ಸೊಗಸಾದ ಉಪನ್ಯಾಸವೊಂದು ನಡೆಯಿತೆಂದು ಕೇಳಿದೆ. ಅದರ ಬೆನ್ನಿಗೆ ತೆರಿಗೆಯ ವಿಷಯವನ್ನು ಎತ್ತಿಕೊಂಡು ಬಂದಿರುವ ನನ್ನ ಧೈರ್ಯವನ್ನು ತಾವು ಕ್ಷಮಿಸಬೇಕು. ಲೆಕ್ಕಪರಿಶೋಧಕನಾದವನಿಗೆ ಬೇರೆ ವೇಷ ಒಪ್ಪುವುದಿಲ್ಲ.

ನಾವು ಸೇರಿರುವ ಈ ಪ್ರದೇಶದ ಹೆಸರು ಅಲ್ ಮೀನಾ. ಮೀನುಪೇಟೆ ಇಲ್ಲಿರುವುದರಿಂದ ಆ ಹೆಸರು ಬಂದಿರಬೇಕೆಂದು ಕರಾವಳಿಯಿಂದ ಬಂದ ನಮ್ಮವರು ಮೊದಮೊದಲು ಭಾವಿಸುವುದುಂಟು, ನಾನೂ ಭಾವಿಸಿದ್ದೆ. ಅರಬ್ಬಿ ಭಾಷೆಯಲ್ಲಿ ಮೀನಾ ಎಂದರೆ ಬಂದರು. 1972ರಲ್ಲಿ ಆರಂಭವಾದ ಜಾಯೆದ್ ಬಂದರಿನ ಸುತ್ತ ಬೆಳೆದ ಈ ಭಾಗದಲ್ಲಿ ಜಮಖಾನೆಯ ಅಂಗಡಿಗಳು, ಹೂಗಿಡಗಳ ಮಾರುಕಟ್ಟೆ, ಮರದ ದೋಣಿಗಳ ನಿಲುಗಡೆ ಎಲ್ಲವೂ ಇವೆ. ಸಣ್ಣ ಬಂಡವಾಳದಿಂದ ಸ್ವಂತ ಉದ್ಯೋಗ ಹೂಡಿದವರ ತಾಣವಿದು. ನಾನು ಇಂದು ಹೇಳಲಿರುವ ಕಥೆಯೂ ಅಂಥವರೊಬ್ಬರದೇ. ಹೆಸರು ಬೇಡ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಅವರು ಕುಂದಾಪುರದ ಕಡೆಯವರು. ದೋಣಿಗಳ ಶೀತಲಯಂತ್ರ ಮತ್ತು ಮೀನಿನ ತಣ್ಣನೆಯ ಕೋಣೆಗಳನ್ನು ದುರಸ್ತಿ ಮಾಡುವ ಸಣ್ಣ ಕಾರ್ಯಾಗಾರವನ್ನು ತಮ್ಮ ಸ್ವಂತ ಹೆಸರಿನ ಟ್ರೇಡ್ ಲೈಸೆನ್ಸಿನಲ್ಲಿ ನಡೆಸುತ್ತಿದ್ದರು. 2024ರಲ್ಲಿ ಅವರ ವಹಿವಾಟು 14 ಲಕ್ಷ ದಿರ್ಹಮ್. ಬಾಡಿಗೆ, ಸಂಬಳ, ಬಿಡಿಭಾಗಗಳ ಖರ್ಚು ಕಳೆದು ಉಳಿದದ್ದು ಸುಮಾರು 1 ಲಕ್ಷದ 10 ಸಾವಿರ. ಸೊಂಟನೋವು ಮತ್ತು ಬಾಕಿ ವಸೂಲಿಯ ತಲೆನೋವು ಎರಡೂ ಸೇರಿ, ಆ ವರ್ಷದ ಡಿಸೆಂಬರ್ 31ಕ್ಕೆ ಅವರು ಬಾಗಿಲು ಮುಚ್ಚಿದರು. ಲೈಸೆನ್ಸ್ ರದ್ದಾಯಿತು. ಕಂಪನಿಯೊಂದರಲ್ಲಿ ಮೇಲ್ವಿಚಾರಕರಾಗಿ ಸಂಬಳಕ್ಕೆ ಸೇರಿದರು.

2025ರ ಜೂನ್ ತಿಂಗಳಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತರು. ಮಾತಿಗೆ ಮಾತು ಬಂದು, ಕಾರ್ಪೊರೇಟ್ ತೆರಿಗೆಯ ರಿಟರ್ನ್ ಸಲ್ಲಿಸಿದಿರಾ ಎಂದು ಕೇಳಿದೆ. "ಅಂಗಡಿಯೇ ಇಲ್ಲ ಮಾರಾಯ್ರೆ, ಇನ್ನು ರಿಟರ್ನ್ ಯಾರದ್ದು?" ಎಂದರು. ನನ್ನ ಕೈಯಲ್ಲಿದ್ದ ಹೋಳಿಗೆ ಹಾಗೆಯೇ ನಿಂತಿತು.

ಅವರ ತರ್ಕವನ್ನು ನಾವು ಹಗುರವಾಗಿ ಕಾಣಬಾರದು. ಹಲವು ದಶಕಗಳ ಕಾಲ ಈ ದೇಶದಲ್ಲಿ ನಮ್ಮಂಥವರಿಗೆ ತೆರಿಗೆಯ ಮಾತೇ ಇರಲಿಲ್ಲ. 2018ರ ಜನವರಿ 1ರಂದು ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಬಂತು. ಅನಂತರ, 2022ರ 47ನೆಯ ಶಾಸನದ ಮೂಲಕ ಬಂದ ಕಾರ್ಪೊರೇಟ್ ತೆರಿಗೆ 2023ರ ಜೂನ್ 1ರಿಂದಾಚೆಗೆ ಆರಂಭವಾಗುವ ಲೆಕ್ಕದ ವರ್ಷಗಳಿಗೆ ಅನ್ವಯವಾಯಿತು. ಕಾರ್ಪೊರೇಟ್ ಎಂಬ ಶಬ್ದವನ್ನು ಕೇಳಿದೊಡನೆ ಅದು ದೊಡ್ಡ ದೊಡ್ಡ ಕಂಪನಿಗಳ ವಿಷಯವೆಂದು ನಮ್ಮ ಮಿತ್ರರು ತಿಳಿದರು. ಆದರೆ ಒಬ್ಬ ವ್ಯಕ್ತಿ ತನ್ನದೇ ಹೆಸರಿನಲ್ಲಿ ಉದ್ಯಮ ನಡೆಸಿ, ಜನವರಿಯಿಂದ ಡಿಸೆಂಬರ್‌ವರೆಗಿನ ಒಂದು ವರ್ಷದಲ್ಲಿ 10 ಲಕ್ಷ ದಿರ್ಹಮ್ ಮೀರಿದ ವಹಿವಾಟು ಮಾಡಿದರೆ ಅವನೂ ಈ ತೆರಿಗೆಯ ವ್ಯಾಪ್ತಿಗೆ ಬರುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ವಹಿವಾಟು, ಲಾಭವಲ್ಲ. ಸಂಬಳ, ಸ್ವಂತ ಹೂಡಿಕೆಯ ಆದಾಯ, ಲೈಸೆನ್ಸ್ ಬೇಕಿಲ್ಲದ ಮನೆಬಾಡಿಗೆಯಂಥ ಸ್ವಂತ ಸ್ಥಿರಾಸ್ತಿಯ ಆದಾಯ ಈ 10 ಲಕ್ಷದ ಎಣಿಕೆಗೆ ಸೇರುವುದಿಲ್ಲ. ಆದುದರಿಂದ ಅವರ ಹೊಸ ಸಂಬಳದ ಬಗ್ಗೆ ಚಿಂತೆಯಿರಲಿಲ್ಲ. ಚಿಂತೆ ಇದ್ದುದೆಲ್ಲ ಮುಚ್ಚಿದ ಅಂಗಡಿಯದು.

"ಲಾಭ 3 ಲಕ್ಷದ 75 ಸಾವಿರ ದಾಟಿದರೆ ಮಾತ್ರ ತೆರಿಗೆಯಂತಲ್ಲ?" ಎಂದು ಅವರು ಕೇಳಿದರು. ಅದು ನಿಜ. ಅಲ್ಲಿಯವರೆಗೆ ತೆರಿಗೆ ಶೂನ್ಯ, ಅದರ ಮೇಲಿನ ಮೊತ್ತಕ್ಕೆ ಶೇಕಡಾ 9. ಅವರು ಕೊಡಬೇಕಾದ ತೆರಿಗೆ ಒಂದು ಬಿಡಿಗಾಸೂ ಇರಲಿಲ್ಲ. ಆದರೆ ತೆರಿಗೆ ಇಲ್ಲವೆಂಬುದನ್ನು ಹೇಳಬೇಕಾದ ಕಾಗದವೇ ರಿಟರ್ನ್. ಸಣ್ಣ ಉದ್ಯಮಗಳಿಗೆ ಕೊಟ್ಟಿರುವ ವಿನಾಯಿತಿಯೂ ಹಾಗೆಯೇ. 30 ಲಕ್ಷ ದಿರ್ಹಮ್ ಮೀರದ ಆದಾಯವಿರುವವರು 2026ರ ಡಿಸೆಂಬರ್ 31ರೊಳಗೆ ಮುಗಿಯುವ ಅವಧಿಗಳಿಗೆ ಅದನ್ನು ಪಡೆಯಬಹುದು, ಆದರೆ ರಿಟರ್ನಿನಲ್ಲಿಯೇ ಅದನ್ನು ಕೋರಬೇಕು. ಕೋರದವನಿಗೆ ವಿನಾಯಿತಿ ತಾನಾಗಿ ನಡೆದು ಬರುವುದಿಲ್ಲ.

ಅವರನ್ನು ದಾರಿತಪ್ಪಿಸಿದ ಇನ್ನೊಂದು ಸಂಗತಿಯಿದೆ, ಮತ್ತು ಇದನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಅಂಗಡಿ ಮುಚ್ಚುವಾಗ ಅವರ ಅರೆಕಾಲಿಕ ಗುಮಾಸ್ತರು ವ್ಯಾಟ್ ನೋಂದಣಿಯ ರದ್ದತಿಗೆ ಸರಿಯಾಗಿ, 20 ಕೆಲಸದ ದಿನಗಳ ಗಡುವಿನೊಳಗೆ, ಅರ್ಜಿ ಹಾಕಿದ್ದರು. ಉಳಿದ ಬಿಡಿಭಾಗಗಳ ದಾಸ್ತಾನಿನ ಮೇಲೂ ತೆರಿಗೆ ಲೆಕ್ಕಹಾಕಿ ಕೊನೆಯ ವ್ಯಾಟ್ ರಿಟರ್ನ್ ಸಲ್ಲಿಸಿದ್ದರು. ಅದು ಮುಗಿದಾಗ ತೆರಿಗೆ ಇಲಾಖೆಯೊಡನೆ ತಮ್ಮ ಋಣವೆಲ್ಲ ತೀರಿತೆಂದು ಮಿತ್ರರು ತಿಳಿದರು. ವ್ಯಾಟ್ ನೋಂದಣಿಯೇ ಬೇರೆ, ಕಾರ್ಪೊರೇಟ್ ತೆರಿಗೆಯ ನೋಂದಣಿಯೇ ಬೇರೆ. ಟ್ರೇಡ್ ಲೈಸೆನ್ಸ್ ಇವೆರಡಕ್ಕೂ ಹೊರತಾದ ಮೂರನೆಯದು. ಒಂದನ್ನು ಮುಚ್ಚಿದರೆ ಇನ್ನೊಂದು ಮುಚ್ಚುವುದಿಲ್ಲ. ಇದೇ ಮೀನಾದಲ್ಲಿ 144 ಅಂತಸ್ತುಗಳ ಮೀನಾ ಪ್ಲಾಜಾ ಗೋಪುರಗಳನ್ನು 2020ರ ನವೆಂಬರ್ 27ರಂದು ಹತ್ತು ಸೆಕೆಂಡುಗಳಲ್ಲಿ ಉರುಳಿಸಿದ್ದನ್ನು ತಾವು ಕಂಡಿದ್ದೀರಿ. ಒಂದು ತೆರಿಗೆ ನೋಂದಣಿಯನ್ನು ಅಷ್ಟು ಬೇಗ ಉರುಳಿಸಲು ಆಗದು.

ಅವರ ಗಡುವುಗಳನ್ನು ಲೆಕ್ಕಹಾಕಿ ನೋಡಿದೆವು. 2024ರಲ್ಲಿ 10 ಲಕ್ಷ ಮೀರಿದ ವ್ಯಕ್ತಿ 2025ರ ಮಾರ್ಚ್ 31ರೊಳಗೆ ನೋಂದಾಯಿಸಿಕೊಳ್ಳಬೇಕಿತ್ತು. ತಪ್ಪಿದರೆ 10,000 ದಿರ್ಹಮ್ ದಂಡ. ಉದ್ಯಮ ನಿಂತ ಮೂರು ತಿಂಗಳೊಳಗೆ ರದ್ದತಿಗೂ ಅರ್ಜಿ ಹಾಕಬೇಕು. ಅವರ ಪಾಲಿಗೆ ಅದೂ ಮಾರ್ಚ್ 31ಕ್ಕೇ ಬಿತ್ತು. ರಿಟರ್ನಿಗೆ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು, ಅಂದರೆ ಸೆಪ್ಟೆಂಬರ್ 30ರವರೆಗೆ ಕಾಲಾವಕಾಶ. ನೋಂದಾಯಿಸಿಕೊಂಡದ್ದನ್ನು ಒಡನೆಯೇ ರದ್ದು ಮಾಡಿರೆಂದು ಕೇಳುವುದು ಹಾಸ್ಯಾಸ್ಪದವೆಂದು ಅವರಿಗೆ ತೋರಿತು. ನನಗೂ ತೋರಿತು, ಆದರೆ ನಿಯಮ ಹಾಗಿದೆ. ನಿಂತ ದಿನದವರೆಗಿನ ರಿಟರ್ನುಗಳೆಲ್ಲ ಸಲ್ಲಿಕೆಯಾಗಿ ಬಾಕಿ ತೀರದ ಹೊರತು ಪ್ರಾಧಿಕಾರ ರದ್ದತಿಗೆ ಒಪ್ಪುವುದಿಲ್ಲ. ಹಾಗಾಗಿ ಅಂಗಡಿ ಮುಚ್ಚಿದವನಿಗೆ ಹೊರಹೋಗುವ ಬಾಗಿಲೇ ರಿಟರ್ನ್.

ಅದೃಷ್ಟಕ್ಕೆ, ಮೊದಲ ತೆರಿಗೆ ಅವಧಿ ಮುಗಿದ ಏಳು ತಿಂಗಳೊಳಗೆ ರಿಟರ್ನ್ ಸಲ್ಲಿಸಿದವರಿಗೆ ತಡನೋಂದಣಿಯ 10,000 ದಿರ್ಹಮ್ ದಂಡವನ್ನು ಮನ್ನಾ ಮಾಡುವ ನಿರ್ಧಾರ 2025ರಲ್ಲಿ ಪ್ರಕಟವಾಗಿತ್ತು. ಅವರಿಗೆ ಆ ಗಡುವು ಜುಲೈ 31. ಮದುವೆಯ ಊಟ ಮುಗಿಸಿ ಎದ್ದಾಗ ನಮ್ಮ ಕೈಯಲ್ಲಿದ್ದುದು ಆರು ವಾರಗಳಿಗೂ ಕಡಿಮೆ. ಬಿಲ್ಲುಗಳು ಮೂರು ಕಡೆ ಹರಡಿದ್ದವು: ಕೆಲವು ಗೋಣಿಚೀಲದಲ್ಲಿ, ಕೆಲವು ಕಾರಿನ ಡಿಕ್ಕಿಯಲ್ಲಿ, ಉಳಿದವು ವಾಟ್ಸಾಪಿನಲ್ಲಿ. ಅವರ ಮಗಳು ಕಾಲೇಜಿನ ರಜೆಯಲ್ಲಿ ಎಲ್ಲವನ್ನೂ ತಿಂಗಳುವಾರು ಜೋಡಿಸಿಕೊಟ್ಟಳು. ಆ ಹುಡುಗಿ ಇಲ್ಲದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಜುಲೈ ಮೂರನೆಯ ವಾರದಲ್ಲಿ ರಿಟರ್ನ್ ಸೇರಿತು, ಅದೇ ವಾರ ರದ್ದತಿಯ ಅರ್ಜಿಯೂ ಹೋಯಿತು. ಹತ್ತು ಸಾವಿರ ಉಳಿಯಿತು. ಆದರೆ ಆ ಮನ್ನಾ ನೋಂದಣಿಯ ತಡಕ್ಕೆ ಮಾತ್ರ. ರದ್ದತಿಯ ಅರ್ಜಿ ತಡವಾದುದಕ್ಕೆ ತಿಂಗಳಿಗೆ 1,000ದಂತೆ ನಾಲ್ಕು ಸಾವಿರ ದಿರ್ಹಮ್ ತೆತ್ತರು. ರಿಟರ್ನನ್ನೇ ಸಲ್ಲಿಸದೆ ಸುಮ್ಮನಿದ್ದಿದ್ದರೆ ಮೊದಲ ಹನ್ನೆರಡು ತಿಂಗಳು ತಿಂಗಳಿಗೆ 500, ಅನಂತರ 1,000ದಂತೆ ಬೇರೊಂದು ದಂಡ ಬೆಳೆಯುತ್ತ ಹೋಗುತ್ತಿತ್ತು.

ಎಲ್.ಎಲ್.ಸಿ. ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ ಈ 10 ಲಕ್ಷದ ಮಿತಿಯ ಆಸರೆಯೇ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಹಿವಾಟು ಎಷ್ಟೇ ಇರಲಿ, ನೋಂದಣಿ ಮತ್ತು ರಿಟರ್ನ್ ಎರಡೂ ಬೇಕು.

ಈಗ ಊರಿನ ಕಡೆಯ ಮಾತು. ಮಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಸ್ವಂತ ವೃತ್ತಿಯನ್ನು ನಿಲ್ಲಿಸಿ ಇಲ್ಲಿಗೆ ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ವರ್ಷದ ನಡುವೆ ವೃತ್ತಿ ಬಿಟ್ಟರೂ ಆ ಆರ್ಥಿಕ ವರ್ಷದ ಆದಾಯ ವಿನಾಯಿತಿಯ ಮಿತಿ ಮೀರಿದ್ದರೆ ರಿಟರ್ನ್ ಕಡ್ಡಾಯ. ಹಳೆಯ ಪದ್ಧತಿಯಲ್ಲಿ ಆ ಮಿತಿ ಎರಡೂವರೆ ಲಕ್ಷ ರೂಪಾಯಿ. ಹೊಸ ಪದ್ಧತಿಯಲ್ಲಿ 2025-26ರ ವರ್ಷಕ್ಕೆ 4 ಲಕ್ಷ. ಆದಾಯ ಕಡಿಮೆಯಿದ್ದರೂ ವೃತ್ತಿಯ ಒಟ್ಟು ಗಳಿಕೆ 10 ಲಕ್ಷ ಅಥವಾ ವ್ಯಾಪಾರದ ವಹಿವಾಟು 60 ಲಕ್ಷ ಮೀರಿದರೆ ರಿಟರ್ನ್ ಸಲ್ಲಿಸಬೇಕೆಂಬ ನಿಯಮ 2022ರಲ್ಲಿ ಬಂತು. ಕೊನೆಯ ವರ್ಷ ನಷ್ಟವಾಗಿದ್ದರಂತೂ ಗಡುವಿನೊಳಗೆ ಸಲ್ಲಿಸುವುದು ನಿಮ್ಮದೇ ಹಿತಕ್ಕೆ. ವ್ಯಾಪಾರದ ನಷ್ಟವನ್ನು ಎಂಟು ವರ್ಷ ಮುಂದಕ್ಕೊಯ್ಯಬಹುದು, ಆದರೆ ತಡವಾದ ರಿಟರ್ನಿಗೆ ಆ ಸೌಲಭ್ಯವಿಲ್ಲ. ನಾಳೆ ಊರಿಗೆ ಮರಳಿ ಮತ್ತೆ ಅಂಗಡಿ ತೆರೆದಾಗ ಆ ನಷ್ಟದ ಬೆಲೆ ತಿಳಿಯುತ್ತದೆ. ಎನ್.ಆರ್.ಒ. ಖಾತೆಯ ಬಡ್ಡಿಯಿಂದ ಶೇಕಡಾ 30ರ ಮೇಲೆ ಮುರಿದುಕೊಂಡ ತೆರಿಗೆ ಮರಳಿ ಬರಬೇಕಾದರೂ ರಿಟರ್ನ್ ಒಂದೇ ದಾರಿ.

ಜಿ.ಎಸ್.ಟಿ. ನೋಂದಣಿಯಿದ್ದವರು ಅದು ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಬೇಕು. ಕರ್ನಾಟಕದ ವೃತ್ತಿ ತೆರಿಗೆಯನ್ನು ಮರೆಯುವವರೇ ಹೆಚ್ಚು. ವರ್ಷಕ್ಕೆ 2,500 ರೂಪಾಯಿಯ ಬಾಬತ್ತು, ಕಣ್ಣಿಗೆ ಕಾಣುವುದಿಲ್ಲ. ಆ ದಾಖಲಾತಿಯನ್ನು ರದ್ದುಪಡಿಸದೆ ವಿಮಾನ ಹತ್ತಿದವರೊಬ್ಬರು ಹಲವು ವರ್ಷಗಳ ಮೇಲೆ ಮನೆ ಮಾರಲು ಊರಿಗೆ ಹೋದಾಗ ಬಡ್ಡಿಸಹಿತ ಬಾಕಿಯ ನೋಟಿಸು ಅವರಿಗಾಗಿ ತಾಯಿಯ ಬಳಿ ಕಾದಿತ್ತು. ವಯಸ್ಸಾದ ತಾಯಿ ಅದನ್ನು ಮಗನ ಪರೀಕ್ಷೆಯ ಪತ್ರವೆಂದು ಭಾವಿಸಿ ದೇವರ ಕೋಣೆಯಲ್ಲಿ ಜೋಪಾನವಾಗಿ ಇಟ್ಟಿದ್ದರು.

ನಮ್ಮ ಕರಾವಳಿಯ ವರ್ತಕರು ದೀಪಾವಳಿಯ ಅಂಗಡಿಪೂಜೆಯ ದಿನ ಹೊಸ ಖಾತೆಪುಸ್ತಕಕ್ಕೆ ಕುಂಕುಮ ಹಚ್ಚುವ ಮೊದಲು ಹಳೆಯದರ ಕೊನೆಯ ಪುಟವನ್ನು ಕೂಡಿ ಕಳೆದು ಗೆರೆ ಎಳೆಯುತ್ತಿದ್ದರು. ನನ್ನ ಅಜ್ಜ ಆ ಗೆರೆ ಎಳೆಯುವಾಗ ಮನೆಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ.

ನಮ್ಮ ಮಿತ್ರರ ರದ್ದತಿಗೆ ಒಪ್ಪಿಗೆ ಬಂದ ದಿನ ಅವರು ನನಗೆ ಫೋನ್ ಮಾಡಿದರು. "ಈಗಲಾದರೂ ಆ ಬಿಲ್ಲುಗಳನ್ನೆಲ್ಲ ಎಸೆಯಬಹುದಾ?" ಎಂದರು. ತೆರಿಗೆ ಅವಧಿ ಮುಗಿದ ಮೇಲೆ ಏಳು ವರ್ಷ ದಾಖಲೆಗಳನ್ನು ಇಡಬೇಕೆಂದೆ. 2031ರ ಕೊನೆಯವರೆಗೆ ಅವು ಅವರ ಮಂಚದ ಕೆಳಗೆ ಎರಡು ಪೆಟ್ಟಿಗೆಗಳಲ್ಲಿ ಇರುತ್ತವೆ. ಅವರ ಶ್ರೀಮತಿಯವರು ಈ ಸಭೆಯಲ್ಲಿಯೇ ಇದ್ದಾರೆ. ಆ ಪೆಟ್ಟಿಗೆಗಳ ಬಗ್ಗೆ ಅವರಿಗೆ ನನ್ನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ.